ಜಪಾನ್ ಟ್ರಾಕ್ಟರಿನ ಹಲ್ಲು

ಬಿಡಿಭಾಗ ಮಾರುವ ಅಂಗಡಿಗೆ ಬರಿಗೈಯಲ್ಲಿ ಹೋಗಬಾರದೆಂದು ನನಗೆ ಗೊತ್ತಾದದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ತುಮಕೂರಿನ ಯಾವ ಅಂಗಡಿಯ ಮುಂದೆ ನಿಂತರೂ ಮೊದಲ ಪ್ರಶ್ನೆ ಒಂದೇ: “ಸ್ಯಾಂಪಲ್ ತಂದಿದೀರಾ ಸಾರ್?” ಹಳೆಯದನ್ನು ತೋರಿಸಿದರೆ ಹೊಸದರ ಮಾತು. ಬಾಯಲ್ಲಿ ವರ್ಣಿಸಲು ಹೊರಟರೆ ಅವರು ಫ್ಯಾನು ನೋಡತೊಡಗುತ್ತಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಶಾಸನ ಸಿಗದೆ ರಾಜನನ್ನೇ ನಂಬದವರು ನಾವು. ಸ್ಯಾಂಪಲ್ ಇಲ್ಲದ ಗೇರನ್ನು ಯಾರು ನಂಬುತ್ತಾರೆ?

ಮುರಿದ ಗೇರು ಚೇಳೂರಿನಲ್ಲಿರುವ ನನ್ನ ಅಕ್ಕನ ಟ್ರಾಕ್ಟರಿನದು. ಜಪಾನಿನಲ್ಲಿ ಯಾರದೋ ಗದ್ದೆಯಲ್ಲಿ ಅರ್ಧ ಆಯುಸ್ಸು ಸವೆಸಿ, ಹಡಗು ಹತ್ತಿ ಬಂದ ಪುಟ್ಟ ಟ್ರಾಕ್ಟರ್ ಅದು. ಮೈಮೇಲೆಲ್ಲ ನಮ್ಮಲ್ಲಿ ಯಾರಿಗೂ ಓದಲು ಬಾರದ ಅಕ್ಷರ. ಅಕ್ಕ ಅವುಗಳ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದು ಅದನ್ನು ಮನೆಗೆ ಸೇರಿಸಿಕೊಂಡಿದ್ದಾಳೆ. ಸೀಟು ತಗ್ಗಿನಲ್ಲಿರುವುದರಿಂದ ಮಂಡಿನೋವಿನ ಅಕ್ಕ ತಾನೇ ಹತ್ತಿ ಕೂತು ಹೊಲ ಉಳುತ್ತಾಳೆ. ಅದಕ್ಕೆ ಮುಂಚೆ ಪಕ್ಕದ ತೋಟದವನ ಟ್ರಾಕ್ಟರಿಗೆ ಕಾಯಬೇಕಿತ್ತು; ಊರಿನವರದ್ದೆಲ್ಲ ಮುಗಿದ ಮೇಲೆ ಅವಳ ಸರದಿ.

“ಅವನ ಬಾಗ್ಲಲ್ಲಿ ಇನ್ನ ನಾನು ನಿಲ್ಲಾಕಿಲ್ಲ ಕಣೋ,” ಎಂದಳು ಅಕ್ಕ. “ಇದ್ನ ತಗೋ ಅಂದೋನು ನೀನೇ. ನೀನೇ ಸರಿ ಮಾಡ್ಸು.”

ನಾನೇ ಅಂದಿದ್ದೆನೇ? ನೆನಪಿಲ್ಲ. ನನ್ನ ನೆನಪಿನ ಯೋಗ್ಯತೆ ಗೊತ್ತಿದ್ದುದರಿಂದ ಒಪ್ಪಿಕೊಂಡೆ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು. ಹದ ಆರುವುದರೊಳಗೆ ಉತ್ತುಬಿಟ್ಟರೆ ರಾಗಿ, ಇಲ್ಲವಾದರೆ ಪಕ್ಕದ ತೋಟದವನ ಬಾಗಿಲು.

ತುಮಕೂರಿನಲ್ಲಿ ಸಿಗಲಿಲ್ಲ. ಕುಣಿಗಲ್ಲಿನ ಗುಜರಿಯಲ್ಲಿ ಇಂಥದ್ದೇ ಗಾಡಿ ಬಿಚ್ಚಿಟ್ಟಿದ್ದಾರೆಂದು ಯಾರೋ ಹೇಳಿದರು. ಎರಡು ಬಸ್ಸು ಹಿಡಿದು ಹೋದೆ. ಬಿಚ್ಚಿಟ್ಟಿದ್ದರು ನಿಜ, ಅದು ಮೇವು ಕತ್ತರಿಸುವ ಯಂತ್ರ. ಮನೆಗೆ ಬಂದು ಚೀಲ ನೋಡಿದರೆ ಮುರಿದ ಗೇರೂ ಇಲ್ಲ. ನಿಮ್ಮ ಮೇಜಿನ ಮೇಲೇ ಬಿಟ್ಟೆ ಎಂದು ಗುಜರಿಯವರಿಗೆ ಫೋನು ಮಾಡಿದೆ.

“ನೀವೇ ಪೇಪರ್ ಸುತ್ಕೊಂಡು ತಗೊಂಡೋದ್ರಲ್ಲ ಸಾರ್!”

ಅವರು ಹಾಗೆಂದದ್ದೇ ತಡ, ಪೇಪರ್ ಸುತ್ತಿದ್ದು ನನಗೂ ನೆನಪಾಗತೊಡಗಿತು. ಇದೇ ನನ್ನ ಕಷ್ಟ. ಯಾರು ಗಟ್ಟಿಯಾಗಿ ಮಾತಾಡುತ್ತಾರೋ ನನ್ನ ನೆನಪು ಹೋಗಿ ಅವರ ಪಕ್ಷ ಸೇರುತ್ತದೆ.

ನಾನು ಡೈರಿ ಬರೆಯುವುದೂ ಇದಕ್ಕೇ. ಗೇರು ಕೈಗೆ ಬಂದ ದಿನವೇ ಮಗಳ ಸ್ಕೇಲಿನಲ್ಲಿ ಅಳೆದು ಅಗಲ, ದಪ್ಪ, ನಡುವಿನ ತೂತು ಎಲ್ಲ ಬರೆದಿಟ್ಟಿದ್ದೆ. ಕೊನೆಗೆ, “ಹಲ್ಲು ಹನ್ನೆರಡು.” ಡೈರಿ ಹಿಡಿದು ಗುಬ್ಬಿಯಲ್ಲಿ ಲೇತ್ ಇಟ್ಟು ಬಿಡಿಭಾಗ ಕಡೆದುಕೊಡುವ ಬಷೀರಣ್ಣನ ಬಳಿ ಹೋದೆ.

“ಸ್ಯಾಂಪಲ್ಲು?”

“ಡೈರಿ ಇದೆ.”

ಬಷೀರಣ್ಣ ಕನ್ನಡಕ ಏರಿಸಿ ಓದಿದ. “ಇದ್ರಲ್ಲಿ ಮನೆ ಜಗಳಾನೂ ಐತಲ್ಲ ಸಾರ್.”

“ಅದ್ರ ಕೆಳಗಿಂದು ನೋಡಿ.”

“ಹನ್ನೆರಡು ಗ್ಯಾರಂಟೀನಾ?”

“ಮುಟ್ಟಿ ಮುಟ್ಟಿ ಎಣಿಸಿದೀನಿ.”

ಎರಡು ದಿನಕ್ಕೆ ಗೇರು ಸಿದ್ಧವಾಯಿತು. ಬಷೀರಣ್ಣ ತಾನೇ ಚೇಳೂರಿಗೆ ಬಂದು ಕೂರಿಸಿದ. ತಿರುಗಿಸಿದ, ತಟ್ಟಿದ, ಮತ್ತೆ ಬಿಚ್ಚಿದ. “ಕಚ್ತಾ ಇಲ್ಲ,” ಎಂದು ನನ್ನ ಮುಖ ನೋಡಿದ. ನಾನು ಡೈರಿ ನೋಡಿದೆ. ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅಕ್ಕ ಕೇಳಿದಳು:

“ಎಷ್ಟು ಹಲ್ಲು ಅಂದೆ?”

“ಹನ್ನೆರಡು.”

“ಮುರ್ದೋಗಿದ್ದನ್ನೂ ಸೇರಿಸ್ದ್ಯೇನ್ಲಾ?”

ಮುರಿದದ್ದು ಡೈರಿಯಲ್ಲಿರಲಿಲ್ಲ. ಅಕ್ಕ ಕುಂಟುತ್ತ ಒಳಗೆ ಹೋಗಿ ವಿಭೂತಿ ಡಬ್ಬಿ ತಂದಳು. ಅದರೊಳಗೆ ಬೂದಿ ಮೆತ್ತಿಕೊಂಡ ಉಕ್ಕಿನ ಚೂರು. ಗೇರುಪೆಟ್ಟಿಗೆಯ ಎಣ್ಣೆ ಬಸಿದಾಗ ಜೊತೆಗೆ ಬಿದ್ದದ್ದಂತೆ.

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ? ಬರೀತಾ ಕೂತಿದ್ದೆ.” ಚೂರನ್ನು ಸೆರಗಿನಲ್ಲಿ ಒರೆಸಿದಳು. “ನಿನ್ನ ಹಾಲು ಹಲ್ಲಾಗಿದ್ರೆ ಸಗಣೀಲಿ ಸುತ್ತಿ ಸೂರಿನ ಮೇಲೆ ಎಸೀತಿದ್ದೆ. ಇದು ಮತ್ತೆ ಹುಟ್ಟಾಕಿಲ್ವಲ್ಲ, ಅದ್ಕೇ ಮಡಗಿದ್ದೆ.”

ಬಷೀರಣ್ಣ ಚೂರನ್ನು ಅಂಗೈ ಮೇಲಿಟ್ಟುಕೊಂಡು ನಕ್ಕ. “ಇದು ನೋಡಿ ಸಾರ್ ಸ್ಯಾಂಪಲ್ಲು!”

ಹದಿಮೂರು ಹಲ್ಲಿನ ಗೇರು ಮಾರನೆಯ ದಿನ ಸಂಜೆ ಕೂತಿತು. ಅಷ್ಟರಲ್ಲಿ ಮೇಲಿನ ಹೊಲದ ಹದ ಆರಿಹೋಗಿತ್ತು, ಕೆಳಗಿನದು ಉಳಿದಿತ್ತು. ಅಕ್ಕ ಉಳಿದದ್ದನ್ನು ಉತ್ತಳು. ಟ್ರಾಕ್ಟರಿನ ಸದ್ದು ಸ್ವಲ್ಪ ಬೇರೆಯಾಗಿದೆ. ಜಪಾನಿನದಕ್ಕೆ ಗುಬ್ಬಿಯ ಹಲ್ಲು ಕಟ್ಟಿದರೆ ಉಚ್ಚಾರ ಕೊಂಚ ಬದಲಾಗಲೇಬೇಕು. ಪಕ್ಕದ ತೋಟದವನು ಬೇಲಿಯ ಹತ್ತಿರ ಬಂದು ನೋಡಿ ಹೋದ. ಅಕ್ಕ ತಿರುಗಿಯೂ ನೋಡಲಿಲ್ಲ.

ದಣಿದು ಮನೆಗೆ ಬಂದವನು ಡೈರಿ ತೆರೆದು, ಹನ್ನೆರಡನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಕೈ ಬರಲಿಲ್ಲ. ಅಂದು ನಾನು ಕಂಡದ್ದು ಹನ್ನೆರಡನ್ನೇ, ಸುಳ್ಳೇನೂ ಬರೆದಿರಲಿಲ್ಲ. ಪಕ್ಕದಲ್ಲಿ ಸಣ್ಣದಾಗಿ ಸೇರಿಸಿದೆ: “ಇನ್ನೊಂದು, ಅಕ್ಕನ ಡಬ್ಬಿಯಲ್ಲಿ.”