ಕಲ್ಲಿಕೋಟೆಗೆ ದಾರಿ ತೋರಿದವನು

ಅಮೆರಿಕದ ಸೀಕಾಕಸ್‌ನ ಗೋದಾಮಿಗೆ ಕರಿಮೆಣಸಿನ ಕಂಟೇನರ್‌ಗಳು ಯಾವಾಗ ಬರಬೇಕು, ಎಲ್ಲಿ ಇಳಿಯಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಕೆಲಸ ಹೋದರೆ ಬೇರೆಯದನ್ನು ಹುಡುಕಲು ಅರವತ್ತು ದಿನ. ಸಿಗದಿದ್ದರೆ ಜರ್ಸಿ ಸಿಟಿಯಲ್ಲೇ ಹುಟ್ಟಿ ಬೆಳೆದ ಮಗಳನ್ನು ಶಾಲೆ ಬಿಡಿಸಿ ಕರೆದುಕೊಂಡು ಊರಿಗೆ ಹೊರಡಬೇಕು.

ಆ ಸೆಪ್ಟೆಂಬರಿನಲ್ಲಿ ಮ್ಯಾನೇಜರ್, ಮೈಸೂರಿನವರು, ಕರೆದು ಹೇಳಿದರು: "ಮೇಡಂ, ನೀವು ಮಾಡೋದನ್ನೆಲ್ಲ ಸ್ಟೆಪ್ ಬೈ ಸ್ಟೆಪ್ ಹೇಳ್ತಾ ರೆಕಾರ್ಡ್ ಮಾಡಿ. ಹೊಸ ಸಿಸ್ಟಂಗೆ ಕೆ.ಟಿ. ಕೊಡ್ಬೇಕು."

ಕೆ.ಟಿ. ಎಂದರೆ ನಮ್ಮ ತಲೆಯಲ್ಲಿರುವುದನ್ನು ಇನ್ನೊಬ್ಬರಿಗೆ, ಈ ಸಲ ಕಂಪ್ಯೂಟರಿಗೆ, ದಾಟಿಸುವುದು. ನಾನು ಹಿಗ್ಗಿಹೋದೆ. ಚಿಕ್ಕಂದಿನಿಂದ ಮೊದಲ ಬೆಂಚಿನವಳು. ಅರ್ಧ ಉತ್ತರ ಕೊಟ್ಟು ಅಭ್ಯಾಸವೇ ಇಲ್ಲ. ಆಯುಧಪೂಜೆಯ ದಿನ ಆ ರೆಕಾರ್ಡಿಂಗ್‌ಗಳಿದ್ದ ಆಫೀಸ್ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಹೂವೇರಿಸಿ, ಆರತಿಯನ್ನೂ ಎತ್ತಿದೆ.

ಅದೇ ವಾರ ಮಗಳಿಗೆ ಶಾಲೆಯ ಪ್ರಾಜೆಕ್ಟ್ ಬಂತು: ಮಧ್ಯಯುಗದ ವ್ಯಾಪಾರ ಸಾಮ್ರಾಜ್ಯಗಳು ಏಕೆ ಬಿದ್ದವು? ಸಂಜೆ ಊಟದ ಟೇಬಲ್ಲಿನ ಮೇಲೆ ಮ್ಯಾಪ್ ಹರಡಿಕೊಂಡು ಕೂತೆವು. ಮಲಬಾರಿನ ಮೆಣಸು ಅರಬ್ಬರ ಹಡಗುಗಳಲ್ಲಿ ದಾಟಿ ವೆನಿಸ್ ಸೇರುತ್ತಿತ್ತು, ಆ ಊರು ಅದರಿಂದಲೇ ಕೊಬ್ಬಿತ್ತು. ಪೋರ್ಚುಗೀಸರು ಆಫ್ರಿಕಾ ಸುತ್ತಿ ಬಂದರೂ ಮುಂದಿನ ಕಡಲು ಅವರಿಗೆ ಗೊತ್ತಿರಲಿಲ್ಲ. ಆಫ್ರಿಕಾದ ಪೂರ್ವ ದಂಡೆಯಲ್ಲಿ ಸಿಕ್ಕ ಒಬ್ಬ ನಾವಿಕ, ಮಾನ್ಸೂನ್ ಗಾಳಿ ಬಲ್ಲವನು, ಅವರನ್ನು ಕಲ್ಲಿಕೋಟೆಗೆ ತಲುಪಿಸಿದ. ಆಮೇಲೆ ಅದೇ ಕಡಲಿನಲ್ಲಿ ಅರಬ್ಬರ ಹಡಗುಗಳು ಉರಿದವು.

"ವಾಟ್ ಹ್ಯಾಪನ್ಡ್ ಟು ಹಿಮ್, ಅಮ್ಮಾ?"

"ನಂಗೊತ್ತಿಲ್ಲ ಪುಟ್ಟಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರೆ."

"ದೆನ್ ವೈ ಡಿಡ್ ಹೀ ಶೋ ದೆಮ್? ವಾಸ್ ಹೀ ಸ್ಟುಪಿಡ್?"

"ದಡ್ಡ ಅಲ್ಲ. ಅವನಿಗೆ ದಾರಿ ಗೊತ್ತಿತ್ತು. ಅವರು ಕೇಳಿದ್ರು."

ಹೇಳುತ್ತಿದ್ದಂತೆ ಆಫೀಸಿನ ಗುಜರಾತಿ ಆಂಟಿ ನೆನಪಾದರು. ಏಲಕ್ಕಿ ನೋಡಿಕೊಳ್ಳುತ್ತಿದ್ದ ಅವರು ಹಿಂದಿನ ತಿಂಗಳಷ್ಟೇ ಕೆ.ಟಿ. ಮುಗಿಸಿದ್ದರು. ಈಗ ಅವರ ಮೇಜಿನ ಮೇಲೆ ಚಹಾದ ಕಪ್ಪು ಮಾತ್ರ ಇತ್ತು. ರಜೆಯಲ್ಲಿ ಊರಿಗೆ ಹೋಗಿರಬೇಕು ಎಂದುಕೊಂಡು ಸುಮ್ಮನಿದ್ದೆ, ಎಂಥ ಜಾಣೆ ನಾನು. ಆ ರಾತ್ರಿ ಭಯವಾಯಿತು, ನಿಜವಾದ ಭಯ.

ಒಂದು ವಿಷಯವನ್ನು ಮಾತ್ರ ಬಾಯಿ ಬಿಡಬಾರದು ಎಂದು ನಿಶ್ಚಯಿಸಿದೆ. ಜನವರಿಯಲ್ಲಿ ಬರುವ ಕಂಟೇನರ್ ಒಳಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಬೆಚ್ಚಗಿನ ಗೋದಾಮಿಗೆ ತಂದ ತಕ್ಷಣ ಬಾಗಿಲು ತೆರೆದರೆ ಚೀಲಗಳು ಬೆವರಿ ಮೆಣಸಿಗೆ ಬೂಷ್ಟು ಹಿಡಿಯುತ್ತದೆ. ಒಂದು ದಿನ ಮುಚ್ಚಿಟ್ಟೇ ತೆರೆಯಬೇಕು. ಇದು ಎಲ್ಲೂ ಬರೆದಿರಲಿಲ್ಲ. ಒಂದು ಲೋಡ್ ಕೆಡಿಸಿಕೊಂಡು ನಾನೇ ಕಲಿತದ್ದು.

ಕೊನೆಯ ಕೆ.ಟಿ.ಯ ದಿನ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರು. "ಅಷ್ಟೇನಾ ಮೇಡಂ? ಜನವರಿ ಮಾಲು ನಿಮ್ಮ ಕೈಲಿ ಮಾತ್ರ ಕೆಡಲ್ಲ ಅಂತಾರೆ ಎಲ್ರೂ. ಅದು ಹ್ಯಾಗೆ?"

ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಮಗಳ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿದೆ, ಎಷ್ಟು ಗಂಟೆ, ಯಾವ ಬಾಗಿಲು, ಮೂಗಿಟ್ಟು ಏನು ನೋಡಬೇಕು, ಒಂದೂ ಬಿಡದೆ.

ಅವರು ರೆಕಾರ್ಡಿಂಗ್ ನಿಲ್ಲಿಸಿ ಲ್ಯಾಪ್‌ಟಾಪ್ ಮುಚ್ಚಿದರು. ಮುಚ್ಚಳದ ಮೇಲಿನ ಕೆಂಪು ಗುರುತನ್ನು ನೋಡಿದರು.

"ಶುಕ್ರವಾರ ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಈ ಕುಂಕುಮ ಸ್ವಲ್ಪ ಒರೆಸ್ಬಿಡಿ ಮೇಡಂ."

"ಸರಿ ಸರ್" ಎಂದು ಕರ್ಚೀಫ್ ತೆಗೆದು ಅಲ್ಲೇ ಒರೆಸಿಕೊಟ್ಟೆ.