ಪದ್ಮಾವತಿಯವರ ಶುಕ್ರವಾರದ ಸುದ್ದಿ

ನ್ಯೂಜಿಲೆಂಡಿನ ಪೊರಿರುವಾದ ಕನ್ನಡದವರಿಗೆ ಊರಿನ ಸುದ್ದಿ ಕಳಿಸುತ್ತಿದ್ದವರು ಧಾರವಾಡ ಕಡೆಯ ನರ್ಸ್ ಪದ್ಮಾವತಿ. ಪ್ರತಿ ಶುಕ್ರವಾರ ವಾಟ್ಸಾಪಿನಲ್ಲಿ ಬರುತ್ತಿತ್ತು: ಯಾವ ರಸ್ತೆ ಬಂದ್, ಲೈಬ್ರರಿಯಲ್ಲಿ ಮಕ್ಕಳಿಗೆ ಯಾವಾಗ ಕಥೆ ಹೇಳುತ್ತಾರೆ, ನಾಯಿಯ ಲೈಸೆನ್ಸಿಗೆ ಕೊನೆಯ ದಿನ ಯಾವುದು. ನಮ್ಮಲ್ಲಿ ಯಾರ ಮನೆಯಲ್ಲೂ ನಾಯಿ ಇರಲಿಲ್ಲ.

ಯಾರ ಹೆಸರನ್ನೂ ಅವರು ಹಾಕುತ್ತಿರಲಿಲ್ಲ. ನಮ್ಮ ಗೃಹಪ್ರವೇಶದ ಸುದ್ದಿ ಕೊಟ್ಟಾಗ, "ಯಾಮಿನಿ, ಇದು ಊರ ಸುದ್ದಿ. ಮನಿ ಸುದ್ದಿ ಇದ್ರಾಗ ಬರಂಗಿಲ್ಲ" ಎಂದರು. ಆ ವಾರ ನಮ್ಮ ಬೀದಿಯ ಚರಂಡಿ ರಿಪೇರಿ ಮಾತ್ರ ಬಂತು. ನಾನು ಬಹಳ ದಿನ ಅವರೊಡನೆ ಮಾತು ಬಿಟ್ಟಿದ್ದೆ.

ಒಂದು ಶುಕ್ರವಾರ, ಈಜುಕೊಳದ ರಜೆಗೂ ಕಸದ ಗಾಡಿಯ ಹೊಸ ಸಮಯಕ್ಕೂ ನಡುವೆ ಹೀಗಿತ್ತು: "ಗುರುವಾರ ಕೌನ್ಸಿಲ್ ಹಾಲಿನಲ್ಲಿ ಪೌರತ್ವ ಸಮಾರಂಭ. ಎಲ್ಲರೂ ಬರಬಹುದು. ಆಮೇಲೆ ಚಹಾ." ಗುರುವಾರ ನನಗೆ ರಜೆ. ಚಹಾಕ್ಕೆಂದೇ ಹೋದೆ.

ವೇದಿಕೆಯ ಮೇಲೆ ಇಳಕಲ್ ಸೀರೆ ಉಟ್ಟ ಪದ್ಮಾವತಿ ಪ್ರಮಾಣವಚನ ಹೇಳುತ್ತಿದ್ದರು. ಮೇಯರ್ ಸರ್ಟಿಫಿಕೇಟಿನ ಜೊತೆ ಒಂದು ಸಸಿ ಕೊಟ್ಟರು. ಉಳಿದವರ ಫೋಟೊ ತೆಗೆಯಲು ಅವರವರ ಮನೆಮಂದಿ ಮುಂದೆ ನುಗ್ಗಿದರು. ಪದ್ಮಾವತಿಯವರಿಗೆ ಯಾರೂ ಇರಲಿಲ್ಲ. ನಾನೇ ತೆಗೆದೆ.

"ನಿಮ್ದೇ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕಾ?" ಸಿಟ್ಟಿನಿಂದಲೇ ಕೇಳಿದೆ.

"ಸುದ್ದ್ಯಾಗ ಹಾಕಿದ್ನಲ್ಲ" ಎಂದು ಸಸಿಯನ್ನು ನನ್ನ ಕೈಗಿತ್ತು ಚಹಾ ತರಲು ಹೋದರು.

ಮರುದಿನದ ಸುದ್ದಿಯಲ್ಲಿ ಕೊನೆಯದು: "ಪೌರತ್ವ ಸಮಾರಂಭ ಮುಗಿಯಿತು. ಚಹಾ ಆರಿತ್ತು. ನಮ್ಮವರ ಪೈಕಿ ಬಂದಿದ್ದವರು: ಯಾಮಿನಿ."