ಹಾಸಿಗೆ ಸಾಲಿನ ಟ್ರೇ

ಹೆಂಗಸರ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಡಾಕ್ಟರುಗಳೂ ಅಷ್ಟೆ. ಎಂಥ ಮುದುಕಿಯ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಆ ಬಗ್ಗೆ ಸ್ವಲ್ಪ ಜಂಭವೂ ಇತ್ತು. ಇರಲಿ ಬಿಡಿ, ದಿನವಿಡೀ ನಿಂತೇ ದುಡಿಯುವವಳಿಗೆ ಅಷ್ಟೂ ಬೇಡವೇ?

ಅವಳ ಇನ್ನೊಂದು ಹೆಮ್ಮೆ ಅವಳ ಸ್ಟೀಲಿನ ಟ್ರೇ. ಬೆಳಿಗ್ಗೆ ಎಲ್ಲರ ಇಂಜೆಕ್ಷನ್ನೂ ಸಿರಿಂಜಿಗೆ ತುಂಬಿ, ಹಾಸಿಗೆಗಳಿದ್ದ ಸಾಲಿನಲ್ಲೇ ಜೋಡಿಸಿಡುವಳು. ಬಾಗಿಲ ಕಡೆಯದು ಮೊದಲು, ಕಿಟಕಿ ಕಡೆಯದು ಕೊನೆಗೆ. ಸಿರಿಂಜಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಯಾರಾದರೂ ಟ್ರೇ ಹಿಡಿದು ಸಾಲಾಗಿ ಕೊಡುತ್ತಾ ಹೋದರೆ ಕೆಲಸ ಮುಗಿಯಿತು. "ಕಣ್ಣು ಮುಚ್ಕೊಂಡು ಕೊಡಬಹುದು ನೋಡೇ," ಎಂದು ಹೊಸದಾಗಿ ಸೇರಿದ ಹುಡುಗಿಗೆ ಹೇಳಿಕೊಟ್ಟವಳೂ ಅವಳೇ. ಆ ಹುಡುಗಿಗೆ ಪುಟ್ಟಿ ಎಂದು ಹೆಸರಿಟ್ಟವಳೂ ಅವಳೇ. ಮಕ್ಕಳಿಲ್ಲದ ದೊಡ್ಡಕ್ಕನಿಗೆ ಪುಟ್ಟಿಯೆಂದರೆ ಜೀವ. ತನ್ನ ಡಬ್ಬಿಯಲ್ಲಿ ಅವಳಿಗೂ ಊಟ ತರುತ್ತಿದ್ದಳು.

ಆ ದಿನ ಟ್ರೇ ಸಿದ್ಧವಾದ ಮೇಲೆ ಕಿಟಕಿ ಪಕ್ಕದ ಅಜ್ಜಿ ಚಳಿಯೆಂದು ಗೊಣಗತೊಡಗಿದರು. ಅವರ ಪಕ್ಕದ ಹಾಸಿಗೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಕಾಯುತ್ತಿದ್ದ ಶಾಲೆ ಟೀಚರಿಗೋ ಸೆಕೆ.

"ದೊಡ್ಡಕ್ಕ, ಅಜ್ಜಿ ಜಾಗ ನಂಗೆ ಕೊಟ್ಬಿಡಿ," ಎಂದರು ಟೀಚರ್.

"ಕೊಡ್ತೀನಿ. ಕಿಟಕಿ ಇರೋ ಜಾಗ, ಬಾಡಿಗೆ ಜಾಸ್ತಿ ಆಗುತ್ತೆ!"

ಮೂವರೂ ನಕ್ಕರು. ದಿಂಬು, ಹೊದಿಕೆ ಎಲ್ಲವನ್ನೂ ದೊಡ್ಡಕ್ಕ ತಾನೇ ಹೊತ್ತು ಇಬ್ಬರ ಜಾಗ ಬದಲಿಸಿದಳು. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ತುರ್ತು ಕರೆ ಬಂತು. ಅವಳು ಓಡಿದಳು. ಟ್ರೇಯಲ್ಲಿ ಸಿರಿಂಜುಗಳು ಹಳೆಯ ಸಾಲಿನಲ್ಲೇ ಇದ್ದವು.

ಪುಟ್ಟಿ ಬಂದಳು, ಕಲಿಸಿದಂತೆ ಸಾಲಾಗಿ ಕೊಟ್ಟಳು. ಸಕ್ಕರೆ ಕಾಯಿಲೆಯ ಅಜ್ಜಿಗೆ ಸೇರಬೇಕಾದ ಇನ್ಸುಲಿನ್ ಟೀಚರಿಗೆ, ಟೀಚರ ನೋವಿನ ಇಂಜೆಕ್ಷನ್ ಅಜ್ಜಿಗೆ ಹೋಯಿತು. ಆಪರೇಷನ್ನಿಗೆಂದು ಟೀಚರ್ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ.

ದೊಡ್ಡಕ್ಕ ತಿರುಗಿ ಬಂದಾಗ ಟೀಚರ್ ಕಣ್ಣು ಮುಚ್ಚಿದ್ದರು. "ಹೆದರ್ಕೊಂಡು ರಾತ್ರಿಯೆಲ್ಲ ಎದ್ದಿದ್ರು ಪಾಪ, ಮಲಗ್ಲಿ," ಎಂದು ಪರದೆ ಎಳೆದಳು. ಅಯ್ಯೋ, ಅದೊಂದು ಕರುಣೆ ಆ ಹೊತ್ತಿನಲ್ಲಿ ಅವಳಿಗೆ ಬರಬಾರದಿತ್ತು. ಪರದೆ ಇಲ್ಲದಿದ್ದರೆ ಟೀಚರ ಬೆವರಿದ ಹಣೆಯಾದರೂ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಆಪರೇಷನ್ ಥಿಯೇಟರಿನವರು ಸ್ಟ್ರೆಚರ್ ತಂದು ಎಬ್ಬಿಸಿದರೆ ಟೀಚರ್ ಏಳಲಿಲ್ಲ. ಆ ಗಡಿಬಿಡಿಯಲ್ಲಿ ಅಜ್ಜಿ ದೊಡ್ಡಕ್ಕನ ಕೈ ಎಳೆದರು. "ನಂಗ್ಯಾಕಮ್ಮ ಇವತ್ತು ಸೊಂಟಕ್ಕೆ ಸೂಜಿ? ದಿನಾ ಹೊಟ್ಟೆಗಲ್ವಾ ಹಾಕೋದು?"

ದೊಡ್ಡಕ್ಕನಿಗೆ ಹಾಸಿಗೆ ಬದಲಿಸಿದ್ದು ನೆನಪಾಯಿತು. ಇನ್ಸುಲಿನ್ ಎಂದು ಕೂಗಿದಳು. ಡಾಕ್ಟರು ಗ್ಲೂಕೋಸ್ ಏರಿಸಿದರು, ಐಸಿಯುಗೆ ಒಯ್ದರು. ಅಷ್ಟು ಹೊತ್ತಿಗೆ ರಕ್ತದ ಸಕ್ಕರೆ ತೀರಾ ಇಳಿದು ಮೆದುಳು ಸೋತಿತ್ತು. ಟೀಚರ್ ಮತ್ತೆ ಕಣ್ಣು ತೆರೆಯಲೇ ಇಲ್ಲ. ಆ ವಾರವೇ ತೀರಿಕೊಂಡರು.

ವಿಚಾರಣೆಯ ದಿನ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಮೊದಲೇ ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದರು. "ಚುಚ್ಚಿದ್ದು ಆ ಹುಡುಗಿ. ಟೆಂಪರರಿ ಬೇರೆ. ಮನೆಗೆ ಕಳಿಸಿದ್ರೆ ಮುಗೀತು. ನೀವು ಸುಮ್ನೆ ಇರಿ." ಇದ್ದವರಲ್ಲಿ ಬಡಪಾಯಿಯ ತಲೆ ಹುಡುಕಿ ಗೂಬೆ ಕೂರಿಸುವುದು ಎಷ್ಟು ಸುಲಭ! ಒಳಗೆ ಟೀಚರ ಗಂಡ ಕೂತಿದ್ದ. ಬಾಗಿಲ ಬಳಿ ಪುಟ್ಟಿ ನೆಲ ನೋಡುತ್ತಾ ನಿಂತಿದ್ದಳು.

ದೊಡ್ಡಕ್ಕ ಸುಮ್ಮನಿರಲಿಲ್ಲ. ಗಂಡನ ಎದುರೇ ಹೇಳಿದಳು. "ಹಾಸಿಗೆ ಬದಲಿಸಿದ್ದು ನಾನಪ್ಪ. ಸಿರಿಂಜು ತುಂಬಿದ್ದು ನಾನು. ಸಾಲು ನೋಡಿ ಕೊಡು, ಹೆಸರು ಕೇಳೋದು ಬೇಡ ಅಂತ ಕಲಿಸಿದ್ದೂ ನಾನೇ. ಈ ಮಗು ನಾನು ಹೇಳಿದ್ದು ಮಾಡಿದ್ಲು." ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಳ್ಳೆಯದಿತ್ತು. ಎದ್ದು ಹೊರಗೆ ಹೋದ.

ದೊಡ್ಡಕ್ಕನಿಗೆ ಬರಬೇಕಿದ್ದ ಬಡ್ತಿ ಹೋಯಿತು, ಟ್ರೇಯ ಪದ್ಧತಿಯೂ ಹೋಯಿತು. ಈಗ ತುಂಬಿದವರೇ ಕೊಡಬೇಕು, ಸಿರಿಂಜಿನ ಮೇಲೆ ಹೆಸರು ಅಂಟಿಸಬೇಕು, ಹಾಸಿಗೆಯ ಬಳಿ ನಿಂತು ರೋಗಿಯ ಬಾಯಿಂದಲೇ ಹೆಸರು ಕೇಳಬೇಕು. ಕೆಲಸ ನಿಧಾನವೆಂದು ಉಳಿದ ನರ್ಸುಗಳು ಮೂಗು ಮುರಿದರು. "ದಿನಾ ನೋಡ್ತೀರ, ದಿನಾ ಹೆಸರು ಕೇಳ್ತೀರ, ಮರೆವಾ?" ಎಂದು ರೋಗಿಗಳೂ ಹಾಸ್ಯ ಮಾಡಿದರು. ಮಾಡಿಕೊಳ್ಳಲಿ ಎಂದು ದೊಡ್ಡಕ್ಕ ಕೇಳುತ್ತಲೇ ಇದ್ದಳು.

ಪುಟ್ಟಿಯ ತಪ್ಪಿಲ್ಲ, ಕೆಲಸಕ್ಕೆ ಬರಬಹುದು ಎಂದು ಆಸ್ಪತ್ರೆ ಹೇಳಿತು. ಪುಟ್ಟಿ ಬರಲಿಲ್ಲ. ದೊಡ್ಡಕ್ಕನೇ ಅವಳ ಮನೆಗೆ ಹೋದಳು. ಹುಡುಗಿ ಸೊರಗಿದ್ದಳು. ಒಗೆದ ಬಟ್ಟೆ ಮಡಿಸುತ್ತಾ ತಲೆಯೆತ್ತದೆ ಕೂತಿದ್ದಳು.

"ಎಲ್ಲಾ ನನ್ನ ತಲೆ ಮೇಲೆ ಹಾಕ್ಕೊಂಡಿದೀನಿ ಕಣೇ. ನಿಂದೇನೂ ಇಲ್ಲ. ನಾಳೆಯಿಂದ ಬಾ."

"ನಿಮ್ಮ ಮೇಲೆ ಕೋಪ ಇಲ್ಲ ಅಕ್ಕಾ," ಎಂದಳು ಪುಟ್ಟಿ. "ಆದ್ರೆ ಟೀಚರ ಮುಖ ನೋಡಿದ್ದು ನಾನು. ಇವತ್ತೇನು ಹೊಟ್ಟೆಗೆ ಚುಚ್ತೀರ ಅಂತ ಕೇಳಿದ್ರು. ನಂಗೂ ಒಂದು ಕ್ಷಣ ಅನುಮಾನ ಬಂತು."

"ಮತ್ತೆ?"

"ದೊಡ್ಡಕ್ಕ ತುಂಬಿರೋದು, ಹೆದರ್ಬೇಡಿ ಅಂದೆ. ಹೌದಾ, ಹಾಗಾದ್ರೆ ಸರಿ ಅಂತ ತಾವೇ ಬಟ್ಟೆ ಸರಿಸಿ ಕೊಟ್ರು."